ಧಕ್ಕೆಯ ಮೇಲೆ ಮಾರಿದ ಮನೆ

ಲಿಯೋನಾಳ ಹತ್ತಿರ ಏನಾದರೂ ಕೇಳುವುದಿದ್ದರೆ ಅವಳ ಕೈಯಲ್ಲಿ ಹೆಣಿಗೆ ಇರುವಾಗ ಕೇಳಬೇಕು ಅಂತ ನಮ್ಮ ಮೆರೋ ದ್ವೀಪದಲ್ಲಿ ಹೇಳುತ್ತಿದ್ದರು. ಕೈ ಖಾಲಿ ಇದ್ದರೆ ಅವಳು ಯೋಚನೆ ಮಾಡುತ್ತಾಳೆ, ಯೋಚನೆ ಮಾಡಿದರೆ ಆಗೋದಿಲ್ಲ ಅನ್ನುತ್ತಾಳೆ. ನೂಲು ಇದ್ದರೆ ತಲೆ ಎತ್ತದೆ ಹೂಂ ಅಂದುಬಿಡುತ್ತಾಳೆ. ಹಾಗಾಗಿ ಒಂದು ಬಟ್ಟಲು ಸಕ್ಕರೆ ಬೇಕಾದವರು, ಕೂಸನ್ನು ಬಿಟ್ಟುಹೋಗಬೇಕಾದವರು ಮೊದಲು ಅವಳ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ, ಕೈ ಆಡುತ್ತಿದೆಯೋ ಇಲ್ಲವೋ ನೋಡಿಕೊಂಡೇ ಒಳಗೆ ಕಾಲಿಡುತ್ತಿದ್ದರು.

ಅವಳು ಹೆಣೆಯುತ್ತಿದ್ದದ್ದು ಸ್ವೆಟರನ್ನಲ್ಲ, ಲಾಬ್‌ಸ್ಟರ್ ಎನ್ನುವ ದೊಡ್ಡ ಸಿಗಡಿ ಹಿಡಿಯುವ ಬೋನಿನ ಬಾಯಿಗೆ ಕಟ್ಟುವ ಬಲೆಯನ್ನು. ಈಗ ಯಂತ್ರದ ಬಲೆ ಬಂದಿದೆ, ಅಗ್ಗಕ್ಕೂ ಸಿಗುತ್ತದೆ. ಆದರೂ ನಮ್ಮ ಮೀನುಗಾರರು ಚಳಿಗಾಲವೆಲ್ಲ ಅವಳ ಮನೆಗೆ ನೂಲಿನುಂಡೆ ಹೊತ್ತು ಬರುತ್ತಿದ್ದರು. ಲಿಯೋನತ್ತೆಯ ಬಲೆಯೊಳಕ್ಕೆ ಲಾಬ್‌ಸ್ಟರ್ ನೆಂಟರ ಮನೆಗೆ ಬಂದಹಾಗೆ ಬರುತ್ತದೆ ಎನ್ನುವುದು ಅವರ ಮಾತು. ಸ್ವಂತ ಮಕ್ಕಳಿಲ್ಲದ ಅವಳನ್ನು ಊರಿಗೆ ಊರೇ ಅತ್ತೆ ಅನ್ನುತ್ತಿತ್ತು.

ಅವಳ ಕಥೆ ಹೇಳಬೇಕಾದರೆ ಜೂನ್ ತಿಂಗಳ ಕಥೆ ಹೇಳಬೇಕು. ಮೇನ್ ರಾಜ್ಯದ ಕರಾವಳಿಯ ನಮ್ಮಂಥ ದ್ವೀಪಗಳಲ್ಲಿ ಜನ ಎರಡು ಬಗೆ. ವರ್ಷವಿಡೀ ಇರುವ ನಾವು. ಹೂವು ಬಿಟ್ಟಾಗ ಬಂದು ಎಲೆ ಕೆಂಪಾಗುವ ಮೊದಲೇ ಹೊರಟುಬಿಡುವ ಬೇಸಿಗೆಯವರು. ಒಳ್ಳೆಯ ಮನೆಗಳೆಲ್ಲ ಅವರವು. ಅವರು ಹೋದಮೇಲೆ ಮನೆಯಿಲ್ಲದ ನಮ್ಮವರು ಆ ಮನೆಗಳಿಗೆ ಬಾಡಿಗೆಗೆ ಹೋಗಿ, ಒಲೆ ಉರಿಸಿ, ನೀರಿನ ಕೊಳವೆ ಹೆಪ್ಪುಗಟ್ಟದಂತೆ ಚಳಿಗಾಲವೆಲ್ಲ ಕಾಯುತ್ತಾರೆ. ಜೂನ್ ಬಂತೆಂದರೆ ಗುಳೆ. ಹಾಸಿಗೆ, ಪಾತ್ರೆ, ಬೆಕ್ಕು, ಮಕ್ಕಳು ಎಲ್ಲ ಹೊರಗೆ. ಯಾರದೋ ದೋಣಿಮನೆಯ ಅಟ್ಟದಲ್ಲೋ, ಡೇರೆಯಲ್ಲೋ ಮೂರು ತಿಂಗಳು ತಳ್ಳಿ, ಬೇಸಿಗೆಯವರು ಹೋದಮೇಲೆ ಮತ್ತೆ ಒಳಗೆ.

ಲಿಯೋನಾ ಬೆಳೆದದ್ದು ಈ ಗುಳೆಯಲ್ಲೇ. ಅವಳ ತಾಯಿ ವಿಧವೆ. ಒಂದು ಬೇಸಿಗೆ ಹಾಯಿ ಹೊಲಿಯುವ ಅಟ್ಟದಲ್ಲಿ, ಇನ್ನೊಂದು ಬೇಸಿಗೆ ಶಾಲೆಯ ಸೌದೆಕೊಟ್ಟಿಗೆಯಲ್ಲಿ. ಎಲ್ವುಡ್ ಮದುವೆಯಾಗೋಣ ಅಂದಾಗ ಅವಳು ಒಂದೇ ಷರತ್ತು ಹಾಕಿದಳಂತೆ: ಜೂನ್‌ನಲ್ಲಿ ಬಿಡಬೇಕಾದ ಮನೆಗೆ ನನ್ನನ್ನು ಕರೆಯಬೇಡ. ಎಲ್ವುಡ್ ಎರಡು ವರ್ಷ ಒದ್ದಾಡಿ, ಯಾರಿಗೂ ಬೇಡದ ಕಲ್ಲುಗುಡ್ಡೆಯ ಮೇಲೆ ಒಂದು ತುಂಡು ಜಾಗ ಹಿಡಿದು ಮನೆ ಎಬ್ಬಿಸಿದ. ಸಮುದ್ರ ಕಾಣಿಸದ ಮನೆ. ಸಮುದ್ರದ ಮೇಲೇ ದುಡಿಯುವವನಿಗೆ ಮನೆಯಿಂದಲೂ ಅದನ್ನು ಯಾಕೆ ನೋಡಬೇಕು ಅನ್ನುತ್ತಿದ್ದ. ಅಲ್ಲಿನ ಮೊದಲ ಜೂನ್‌ನಲ್ಲಿ ಲಿಯೋನಾ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು, ಬಟಾಣಿ ಸುಲಿಯುತ್ತ ದಿನವಿಡೀ ಕೂತಿದ್ದಳು. ಎದುರಿಗೆ ಗಂಟುಮೂಟೆ ಹೊತ್ತು ಹೋಗುವವರನ್ನೆಲ್ಲ ಮಾತಾಡಿಸಿದಳು. ಜಂಬ ನೋಡು ಇವಳದು ಅಂತ ಕೆಲವರು ಗೊಣಗಿದರು. ಜಂಬವೇ ಇರಬೇಕು. ಇದ್ದರೆ ತಪ್ಪೇನು?

ಎಲ್ವುಡ್ ತೀರಿಕೊಂಡ. ಅವಳ ಮಂಡಿ ಸೋತಿತು. ಗುಡ್ಡೆ ಇಳಿದು ಅಂಚೆಕಚೇರಿಗೆ ಬಂದರೆ ಮತ್ತೆ ಹತ್ತುವುದು ದೊಡ್ಡ ಕೆಲಸವಾಯಿತು. ಆಚೆ ದಡದಲ್ಲಿ ತಂಗಿ ಇದ್ದಳು. ಅವಳಿರುವ ಕಟ್ಟಡದಲ್ಲೇ ಮುದುಕರಿಗೆಂದು ಮಾಡಿದ ಒಂದು ಸಣ್ಣ ಮನೆ ಖಾಲಿಯಾಗುತ್ತಿತ್ತು. ಅದನ್ನು ಹಿಡಿಯಬೇಕಾದರೆ ಇದನ್ನು ಮಾರಬೇಕು, ಬೇರೆ ದಾರಿಯಿಲ್ಲ. ಸುದ್ದಿ ಹೊರಬಿದ್ದದ್ದೇ ತಡ, ಉತ್ತರ ತುದಿಯ ದೊಡ್ಡಮನೆಯ ಬೇಸಿಗೆಯವರು, ಲೆವರೆಟ್ ದಂಪತಿಗಳು ಹೇಳಿಕಳಿಸಿದರು. ನಿಮ್ಮ ಬೆಲೆ ಹೇಳಿ, ನಮ್ಮ ಅತಿಥಿಗಳಿಗೆ ಒಂದು ಮನೆ ಬೇಕಿತ್ತು ಎಂದು. ಲಿಯೋನಾ ಉತ್ತರ ಕೊಡಲಿಲ್ಲ.

ಅವಳ ಮನಸ್ಸಿನಲ್ಲಿದ್ದವರು ಬೇರೆ. ವೆಸ್ಲಿ ಮತ್ತು ಕಾರಿನ್. ವೆಸ್ಲಿ ಇಲ್ಲಿಯ ಹುಡುಗ, ಲಿಯೋನಾಳ ನೆರೆಯವನಾದ ಆಲ್ಟನ್ ಮಾವನ ದೋಣಿಯಲ್ಲಿ ದುಡಿಯುವವನು. ಕಾರಿನ್ ಆಚೆ ದಡದಿಂದ ಬಂದವಳು. ದ್ವೀಪದಲ್ಲಿ ಕೆಟ್ಟ ದೋಣಿ ಎಂಜಿನ್ನನ್ನು ಬದುಕಿಸಬಲ್ಲವಳು ಅವಳೊಬ್ಬಳೇ. ಇಬ್ಬರು ಹೆಣ್ಣುಮಕ್ಕಳು, ಮದುವೆಯಾದಾಗಿನಿಂದ ಪ್ರತಿ ಜೂನ್ ಗುಳೆ. ಈ ಸಲವೂ ಮನೆ ಸಿಗದಿದ್ದರೆ ದ್ವೀಪವನ್ನೇ ಬಿಡುತ್ತೇವೆ ಅಂತ ಕಾರಿನ್ ಎಲ್ಲರೆದುರಿಗೇ ಹೇಳಿದ್ದಳು. ಆಚೆಯ ಒಂದು ಎಂಜಿನ್ ಅಂಗಡಿಯಲ್ಲಿ ಅವಳಿಗೆ ಕೆಲಸವೂ ಕಾದಿತ್ತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಲಿಯೋನಾ ಕೋಲೂರಿಕೊಂಡು ದೋಣಿ ಕಟ್ಟುವ ಧಕ್ಕೆಗೆ ಇಳಿದು ಬಂದಳು. ವೆಸ್ಲಿ ದೋಣಿಗೆ ಬೋನು ಏರಿಸುತ್ತಿದ್ದ.

"ಮನೆ ನಿಂದು ಕಣೋ, ವೆಸ್ಲಿ," ಅಂದಳು.

ಅವನು ಕೈ ಒರೆಸಿಕೊಂಡು ನೆಟ್ಟಗೆ ನಿಂತ. "ಎಷ್ಟಕ್ಕೆ ಅತ್ತೆ?"

"ಅಲ್ಲಿ ತಂಗಿ ಪಕ್ಕ ಒಂದು ರೂಮು ಹಿಡಿಯೋಷ್ಟಕ್ಕೆ. ಮೇಲಿಂದು ನಂಗೆ ಬ್ಯಾಡ."

ಕೈ ಕುಲುಕಿದರು. ನೋಡುತ್ತ ನಿಂತಿದ್ದ ಆಲ್ಟನ್ ಮಾವ ಸಮುದ್ರಕ್ಕೆ ಉಗುಳಿ, "ಆಯ್ತು ಬಿಡು, ಮುಗೀತು," ಅಂದ.

ನಮ್ಮಲ್ಲಿ ಅದು ಮುಗಿದಂತೆಯೇ. ದೋಣಿ, ಬೋನು, ಹೆಣ್ಣುಗಂಡು, ಯಾವುದೇ ಆಗಲಿ, ಧಕ್ಕೆಯ ಮೇಲೆ ಕೈ ಕುಲುಕಿದರೆ ಆಯಿತು. ಆಮೇಲೆ ಕಾಗದ ಕೇಳಿದವನು ಎದುರಿನವನನ್ನು ಕಳ್ಳ ಅಂದಹಾಗೆ. ಹಾಗೆ ಕೇಳಿದ ಒಬ್ಬನ ಜೊತೆ ಅವನ ತಮ್ಮನೇ ಸಾಯುವತನಕ ಮಾತು ಬಿಟ್ಟಿದ್ದುಂಟು.

ಆದರೆ ವೆಸ್ಲಿಯ ಉಳಿತಾಯವನ್ನೂ ಬ್ಯಾಂಕು ಕೊಡುವ ಸಾಲವನ್ನೂ ಸೇರಿಸಿದರೂ ಆ ರೂಮಿನ ಬೆಲೆಯ ಅರ್ಧದಷ್ಟೂ ಆಗುತ್ತಿರಲಿಲ್ಲ. ಉಳಿದದ್ದು ಎಲ್ಲಿಂದ? ಅದಕ್ಕೆ ದಾರಿ ಇತ್ತು. ರಾಜ್ಯದಲ್ಲಿ ಮನೆ ಕೈ ಬದಲಾದಾಗಲೆಲ್ಲ ಕ್ರಯದ ಮೇಲೆ ತೆರಿಗೆ ಕೊಡಬೇಕು. ರಾಜಧಾನಿಯಲ್ಲಿ ಶಾಸಕರು ಕೂತು, ಭಾರಿ ಬೆಲೆಯ ಮನೆಗಳಿಗೆ ಆ ತೆರಿಗೆಯನ್ನು ಏರಿಸಿ, ಅದರಲ್ಲೊಂದು ಪಾಲನ್ನು ಮನೆಯಿಲ್ಲದ ದುಡಿಯುವವರಿಗಾಗಿ ತೆಗೆದಿಟ್ಟಿದ್ದರು. ಆ ಪಾಲು ನಮ್ಮ ದ್ವೀಪದ ವಸತಿ ಸಂಘಕ್ಕೂ ಬರುತ್ತಿತ್ತು. ಸಂಘ ಕೊರತೆಯನ್ನು ತುಂಬಿಕೊಡುತ್ತದೆ, ಅಂಥ ಕ್ರಯಕ್ಕೆ ತೆರಿಗೆಯೂ ಇಲ್ಲ. ಆದರೆ ಮೊದಲು ಒಂದು ಕರಾರು ಆಗಬೇಕು: ಕೊಂಡವರು ವರ್ಷವಿಡೀ ಅಲ್ಲೇ ಇರಬೇಕು, ಮುಂದೆ ಮಾರಿದರೆ ತಮ್ಮಂಥವರಿಗೇ ಮಾರಬೇಕು, ಬೆಲೆ ನಿಧಾನಕ್ಕೆ ಏರಬಹುದೇ ಹೊರತು ಬೇಸಿಗೆಯವರ ಬೆಲೆಗೆ ಜಿಗಿಯುವಂತಿಲ್ಲ. ಅವರ ಮೇಲೂ, ಅವರ ನಂತರ ಕೊಳ್ಳುವವರ ಮೇಲೂ ಆ ಕರಾರು ನಿಲ್ಲುತ್ತದೆ.

ಮಾರ್ಚ್‌ನ ಊರಸಭೆಯಲ್ಲಿ ಇದರ ಮೇಲೆ ದೊಡ್ಡ ಜಗಳವಾಗಿತ್ತು. ಮೀನುಗಾರನಿಗೆ ಪಿಂಚಣಿ ಅಂತಿರುವುದು ಅವನ ಮನೆಯೊಂದೇ, ಅದರ ಬೆಲೆಯನ್ನೂ ಕಟ್ಟಿಹಾಕಿದರೆ ಮುದಿತನದಲ್ಲಿ ಅವನು ಏನು ತಿನ್ನಬೇಕು ಎಂದು ಆಲ್ಟನ್ ಮಾವ ಎದ್ದು ನಿಂತು ಕೇಳಿದ್ದ. ಮಾತು ಸುಳ್ಳೇನಲ್ಲ. ಮಧ್ಯಾಹ್ನ ಬೇಯಿಸಿದ ಹುರುಳಿಕಾಯಿಬೀಜ, ಬೆಲ್ಲದ ಬ್ರೆಡ್ಡು ತಿನ್ನುವ ಹೊತ್ತಿಗೂ ಜನ ಎರಡು ಪಂಗಡವಾಗಿ ಬೇರೆ ಬೇರೆ ಮೇಜಿಗೆ ಕೂತಿದ್ದರು.

ಧಕ್ಕೆಯ ಮಾತಾದ ಮೇಲೆ, ಅಂಚೆಕಚೇರಿಯನ್ನೂ ವಸತಿ ಸಂಘವನ್ನೂ ನಡೆಸುವ ಗ್ವೆನ್ ಲಿಯೋನಾಳ ಮನೆಗೆ ಬಂದು ಕರಾರಿನ ವಿಷಯ ತೆಗೆದಳು. ಮಾರುವವರು, ಕೊಳ್ಳುವವರು ಇಬ್ಬರೂ ಸೇರಿ ಕೇಳಿಕೊಂಡರೆ ಮಾತ್ರ ಸಂಘ ಮುಂದುವರಿಯಬಹುದು ಅಂದಳು. ಲಿಯೋನಾ ಸಿಡಿದಳು. "ಕೈ ಕುಲುಕಿದ್ಮೇಲೆ ಆ ಹುಡುಗನ ಹತ್ರ ಕಾಗದ ಕೇಳೋಕೆ ನಾನೇನು ಬೇಸಿಗೆಯೋಳಾ?"

ಗ್ವೆನ್ ವೆಸ್ಲಿಯ ಹತ್ತಿರ ಹೋದಳು. ಅವನು ತಲೆ ತಗ್ಗಿಸಿದ. "ಅತ್ತೆ ಮಾತು ಕೊಟ್ಟವ್ರೆ. ಈಗ ನಾನು ಕಾಗದ ಹಿಡ್ಕೊಂಡು ಹೋದ್ರೆ ನಿಮ್ಮ ಮಾತು ಸಾಲ್ದು ಅಂದಂಗಾಗಲ್ವಾ? ನಾನಂತೂ ಬಾಯಿ ಬಿಡಲ್ಲ."

ಹೀಗೆ ಇವಳು ಅವನ ಮಾನ ಕಾಯುತ್ತ, ಅವನು ಇವಳ ಮಾನ ಕಾಯುತ್ತ ಏಪ್ರಿಲ್ ಕಳೆಯಿತು, ಮೇ ಅರ್ಧವಾಯಿತು. ದಾರಿಯಲ್ಲಿ ಎದುರಾದರೆ ಗಾಳಿಯ ಬಗ್ಗೆ ಮಾತಾಡುವರು. ಮನೆ ಮಾರಿದೆ ಅಂತ ಊರೆಲ್ಲ ನಂಬಿತ್ತು. ಮನೆ ಮಾತ್ರ ಇದ್ದಲ್ಲೇ ಇತ್ತು. ಧಕ್ಕೆಯ ಮಾತನ್ನು ನಂಬಿ ವೆಸ್ಲಿ ಬೇರೆಲ್ಲೂ ವಿಚಾರಿಸಿಯೇ ಇರಲಿಲ್ಲ. ಅವರಿದ್ದ ಬಾಡಿಗೆಮನೆಯ ಒಡೆಯರು ಜೂನ್‌ಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಆಚೆ ದಡದ ತಂಗಿಯೂ ಆ ರೂಮನ್ನು ಇನ್ನೆಷ್ಟು ದಿನ ಹಿಡಿದಿಡಲಿ ಎಂದು ಕೇಳತೊಡಗಿದ್ದಳು. ಲಿಯೋನಾ ಬಲೆ ಹೆಣೆದು ಬಿಚ್ಚಿ, ಹೆಣೆದು ಬಿಚ್ಚಿ ಮಾಡುತ್ತಿದ್ದಳು.

ಕೊನೆಗೆ ಗುಡ್ಡೆ ಹತ್ತಿ ಬಂದವಳು ಕಾರಿನ್. ಗಾಳಿ ಜೋರಿತ್ತು, ಲಿಯೋನಾ ತಂತಿಯ ಮೇಲೆ ಹಾಸಿಗೆ ದುಪ್ಪಟಿ ಹರಡಲು ಒದ್ದಾಡುತ್ತಿದ್ದಳು. ಕಾರಿನ್ ಇನ್ನೊಂದು ತುದಿ ಹಿಡಿದಳು. ಅವಳ ಬೆರಳುಗಳ ಗ್ರೀಸು ಬಟ್ಟೆಗೆ ಅಂಟಿತು. ಲಿಯೋನಾ ಅದನ್ನು ನೋಡಿಯೂ ತನ್ನ ತುದಿಯನ್ನು ತಂತಿಯ ಮೇಲೆ ಎಳೆದುಕೊಂಡಳು.

"ಅತ್ತೆ, ನಾನು ಇಲ್ಲಿ ಹುಟ್ಟಿದೋಳಲ್ಲ. ನಂಗೆ ನಿಮ್ಮ ಧಕ್ಕೆ ಮರ್ಯಾದೆ ಗೊತ್ತಿಲ್ಲ ಅಂತ್ಲೇ ಇಟ್ಕೊಳ್ಳಿ," ಅಂದಳು ಕಾರಿನ್. "ನಮ್ಮನ್ನ ಕಟ್ಟಿಹಾಕೋ ಕಾಗದ ಮಾಡಿಸಿ."

"ವೆಸ್ಲಿ ಅಂಥೋನಲ್ಲ ಕಣಮ್ಮ."

"ವೆಸ್ಲಿ ಅಲ್ಲ. ನಾನು ಅಂಥೋಳು." ಅವಳು ದುಪ್ಪಟಿಯನ್ನು ಎಳೆದು ಕ್ಲಿಪ್ಪು ಸಿಕ್ಕಿಸಿದಳು. "ಇವತ್ತು ಕೇಳಿದ್ರೆ ಯಾವತ್ತೂ ಮಾರಲ್ಲ ಅಂತೀನಿ. ಇಪ್ಪತ್ತು ವರ್ಷ ಆದ್ಮೇಲೆ ನಂಗೂ ಮಂಡಿ ನೋಯತ್ತೆ. ಯಾರೋ ಬಂದು ಬೆಲೆ ಹೇಳು ಅಂತಾನೆ. ಆವತ್ತಿನ ಕಾರಿನ್ ಏನು ಹೇಳ್ತಾಳೋ ನಂಗೆ ಗೊತ್ತಿಲ್ಲ, ಅತ್ತೆ. ಅವಳ್ನ ನಾನು ನೋಡಿಲ್ಲ."

ಲಿಯೋನಾ ಬುಟ್ಟಿಯಿಂದ ಇನ್ನೊಂದು ಬಟ್ಟೆ ತೆಗೆದು ತಂತಿಗೆ ಹಾಕಿದಳು. ಆಮೇಲೆ ಲೆವರೆಟ್‌ರ ವಿಷಯ ಹೇಳಿದಳು. ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಉತ್ತರ ಕೊಡಲಿಲ್ಲ ಎನ್ನುವುದು ನಿಜ. ಆದರೆ ಒಂದು ವಾರವಿಡೀ ಮನೆಯನ್ನು ಅವರಿಗೇ ಮಾರಬೇಕೆಂದು ಇದ್ದಳಂತೆ. ಆ ದುಡ್ಡಿನಲ್ಲಿ ತಂಗಿಯ ಪಕ್ಕ ಸಣ್ಣ ರೂಮಲ್ಲ, ಬಂದರು ಕಾಣುವ ದೊಡ್ಡ ಮನೆಯೇ ಬರುತ್ತಿತ್ತು. ಪರದೆಗೆ ಯಾವ ಬಣ್ಣ ಅಂತ ಕೂಡ ಯೋಚಿಸಿಟ್ಟಿದ್ದಳು.

"ನೀಲಿ," ಅಂದಳು. "ನಾನೇ. ಶಾಲೆ ಸೌದೆಕೊಟ್ಟಿಗೇಲಿ ಮಲಗಿದ್ದೋಳು ನಾನೇ ಹಂಗೆ ಯೋಚ್ನೆ ಮಾಡ್ದೆ ಅಂದ್ರೆ, ಇನ್ಯಾರನ್ನ ನಂಬೋದು ಹೇಳು."

ಕಾಗದ ಬೇಕಾಗುವುದು ಕಳ್ಳನಿಗಲ್ಲ, ಒಳ್ಳೆಯವರ ದುರ್ಬಲ ದಿನಕ್ಕೆ ಎಂದು ಅವಳು ಆಮೇಲಾಮೇಲೆ ಹೇಳುತ್ತಿದ್ದಳು. ಆ ದಿನ ಹಾಗೇನೂ ಹೇಳಲಿಲ್ಲ. ಬುಟ್ಟಿ ಎತ್ತಿಕೊಂಡು, ಗ್ವೆನ್‌ಗೆ ಫೋನು ಮಾಡು ಅಂದಳು.

ಮುಂದಿನದು ಬೇಗ ನಡೆಯಿತು. ಮೊದಲು ಕರಾರು, ಅದರ ಬೆನ್ನಿಗೆ ಕ್ರಯಪತ್ರ. ವೆಸ್ಲಿ ಸಹಿ ಹಾಕುವಾಗ ಕಿವಿಯವರೆಗೂ ಕೆಂಪಾಗಿದ್ದ. "ನಾನು ಕೇಳಿದ್ದಲ್ಲ ಅತ್ತೆ," ಅಂದ. "ನಾನೂ ಕೇಳಿಲ್ಲ," ಅಂದಳು ಲಿಯೋನಾ. ಇಬ್ಬರಿಗೂ ನೆಮ್ಮದಿ. ಆಚೆ ದಡದ ನೋಂದಣಿ ಕಚೇರಿಯಲ್ಲಿ ಕರಾರನ್ನು ನೋಡಿ, ಇದಕ್ಕೆ ತೆರಿಗೆ ಇಲ್ಲ ಅಂದು ಮುದ್ರೆ ಒತ್ತಿದರು. ಸಂಘದಿಂದ ಬಂದ ಪಾಲು ಎಲ್ಲಿಯದು ಅಂತ ಆಲ್ಟನ್ ಮಾವ ವಾಪಸು ಬರುವ ದೋಣಿಯಲ್ಲಿ ಗ್ವೆನ್‌ಳನ್ನು ಕೆದಕಿದ. ದೊಡ್ಡ ದೊಡ್ಡ ಮನೆಗಳ ಕ್ರಯದ ತೆರಿಗೆಯಿಂದ ಅಂದಳು ಅವಳು. ಲಿಯೋನಾಳ ಮನೆ ಸಿಗದ ಲೆವರೆಟ್ ದಂಪತಿಗಳು ಆ ವಸಂತದಲ್ಲೇ ತಮ್ಮ ದೊಡ್ಡಮನೆಯ ಪಕ್ಕದ ಬಂಗಲೆಯನ್ನು ಭಾರಿ ಬೆಲೆಗೆ ಕೊಂಡು, ಆ ತೆರಿಗೆಯನ್ನೂ ತೆತ್ತಿದ್ದರು.

ಆಲ್ಟನ್ ಮಾವ ಬಹಳ ಹೊತ್ತು ನಕ್ಕ. ಆಮೇಲೆ, ಆದರೂ ಇದು ತನಗೆ ಒಪ್ಪಿಗೆಯಿಲ್ಲ, ತನ್ನ ಮನೆಯನ್ನು ಮಾತ್ರ ಕಟ್ಟಿಹಾಕಲು ಬಿಡುವುದಿಲ್ಲ ಅಂದ. ಇವತ್ತಿಗೂ ಹಾಗೇ ಅನ್ನುತ್ತಾನೆ.

ಜೂನ್ ಬಂತು. ಬಾಡಿಗೆಮನೆಗಳಿಂದ ಜನ ಹೊರಬೀಳುವ ದಿನವೇ ವೆಸ್ಲಿಯ ಸಾಮಾನು ಗುಡ್ಡೆ ಹತ್ತಿತು. ಲಿಯೋನಾಳ ಸಾಮಾನು ಹಿಂದಿನ ದಿನವೇ ದೋಣಿ ಸೇರಿತ್ತು. ಅವಳು ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು, ಒಲೆಯ ಗಾಳಿಕಂಡಿ ಯಾವ ಗಾಳಿಗೆ ಎಷ್ಟು ತೆರೆಯಬೇಕು, ನೆಲಮಾಳಿಗೆಗೆ ನೀರು ಯಾವ ಮೂಲೆಯಿಂದ ಬರುತ್ತದೆ ಅಂತ ಕಾರಿನ್‌ಗೆ ಹೇಳುತ್ತಲೇ ಇದ್ದಳು. ಹೇಳಿದ್ದನ್ನೇ ಮತ್ತೆ ಹೇಳಿದಳು. ಹಾಸಿಗೆ ಹೊತ್ತು ಬಂದ ವೆಸ್ಲಿ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ದಾರಿ ಬಿಡಿ ಅತ್ತೆ ಅಂದ. ಅವಳು ಪಕ್ಕಕ್ಕೆ ಸರಿದಳು. ಮಕ್ಕಳಿಬ್ಬರು ಮಹಡಿಯಲ್ಲಿ ಯಾವ ಕೋಣೆ ಯಾರದು ಅಂತ ಕಿತ್ತಾಡುತ್ತಿದ್ದರು.

"ಬರ್ತೀನಿ ಅನ್ನೋಕಾಗಲ್ಲ," ಅಂದಳು ಕಾರಿನ್‌ಗೆ. "ಹೋಗ್ತೀನಿ ಅಂತೀನಿ, ಆಯ್ತಾ."

ಆಲ್ಟನ್ ಮಾವ ಹೊರಗೆ ಟ್ರಕ್ಕಿನ ಹಾರನ್ನು ಒತ್ತಿದ. ದೋಣಿಗೆ ಹೊತ್ತಾಗಿತ್ತು. ಲಿಯೋನಾ ಮೆಟ್ಟಿಲನ್ನು ಒಂದೊಂದಾಗಿ, ಪಕ್ಕವಾಗಿ, ಮಂಡಿಗೆ ಒಪ್ಪುವ ಹಾಗೆ ಇಳಿದಳು. ಬಾಗಿಲು ಹಾಕಲು ಅಭ್ಯಾಸಬಲದಿಂದ ಹಿಂದಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ವೆಸ್ಲಿ ಇನ್ನೊಂದು ಮಂಚದ ಕಾಲು ಹಿಡಿದು ಒಳಗೆ ನುಗ್ಗುತ್ತಿದ್ದ. ಅವಳು ಕೈ ಹಿಂತೆಗೆದುಕೊಂಡು, ಬಾಗಿಲನ್ನು ತೆರೆದೇ ಬಿಟ್ಟು ಟ್ರಕ್ಕಿನ ಕಡೆಗೆ ನಡೆದಳು.