ಹವಳದ ಬೋರ್ಡು ಮತ್ತು ಶೈಲಾ ಮೇಡಂ

ಮೇಡ್ಲೇರಿಯಿಂದ ರಾಣೇಬೆನ್ನೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಶೈಲಾ ಮೇಡಂ ಹೆಚ್ಚಾಗಿ ನಿಂತೇ ಬರುತ್ತಿದ್ದರು. ಸೀಟು ಸಿಕ್ಕರೂ ಕೂಸನ್ನು ಎತ್ತಿಕೊಂಡ ಯಾವಳಿಗೋ ಬಿಟ್ಟುಕೊಟ್ಟು, ಕಂಬಿಗೆ ಒರಗಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಪ್ರತಿ ಜೂನ್‌ನಲ್ಲಿ ಹೊಸದಾಗಿ ಕರೆ ಬರಬೇಕು, ಬಾರದಿದ್ದರೆ ಕೆಲಸವಿಲ್ಲ. ಅಪ್ಪ ತೀರಿಕೊಂಡ ಮೇಲೆ ಹೊಳೆದಂಡೆಯ ಹೊಲ ಅಣ್ಣನ ಕೈಗೆ ಹೋಗಿತ್ತು. ತಾಯಿ ಫಕ್ಕೀರವ್ವ ಮಗಳ ಜೊತೆಗಿದ್ದರು. ಇಬ್ಬರ ಬದುಕೂ ಈ ಸಂಬಳದ ಮೇಲೆಯೇ ನಿಂತಿತ್ತು.

ಸಮುದ್ರವನ್ನು ಅವರು ಕಂಡದ್ದು ಒಮ್ಮೆ ಮಾತ್ರ, ಗೋಕರ್ಣದಲ್ಲಿ. ಆದರೂ ಪಾಠದೊಳಗೆ ಸಮುದ್ರ ಬಂದರೆ ಅವರ ದನಿ ತಗ್ಗುತ್ತಿತ್ತು, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವವರ ಹಾಗೆ.

ಆ ವರ್ಷ ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಆಡಳಿತ ಮಂಡಳಿಯ ಅಧ್ಯಕ್ಷ ಪ್ರಭುಲಿಂಗಪ್ಪನವರು ಬ್ಯಾಡಗಿಯ ಮೆಣಸಿನಕಾಯಿ ವರ್ತಕರು, ಕೈ ಬಿಚ್ಚಿ ಖರ್ಚು ಮಾಡುವವರು. ಅಂಗಳದ ತೊಟ್ಟಿಯಲ್ಲಿ ಸಿಮೆಂಟಿನ ಹವಳದ ದಿಬ್ಬ ಕಟ್ಟಿಸಿ, ಕೆಂಪು ಬಣ್ಣ ಹೊಡೆಸಿ, ಮುಂದೆ ಬೋರ್ಡು ನೆಡಿಸಿದರು: ‘ಗಾಳಿಯ ಇಂಗಾಲವನ್ನು ನುಂಗುವ ಸಮುದ್ರದ ಕಾಡು’. ಬಂದವರಿಗೆ ಅದನ್ನು ವಿವರಿಸುವ ಕೆಲಸ ಶೈಲಾ ಮೇಡಂ ಪಾಲಿಗೆ ಬಂತು.

ಬೋರ್ಡು ತಪ್ಪು ಎಂದು ಅವರು ಅಧ್ಯಕ್ಷರ ಕೋಣೆಗೇ ಹೋಗಿ ಹೇಳಿದರು. ಹವಳದ ಹುಳು ಸಮುದ್ರದ ನೀರಿನಲ್ಲಿ ಕರಗಿದ ಇಂಗಾಲ ಬಳಸಿ ತನ್ನ ಸುಣ್ಣದ ಗೂಡು ಕಟ್ಟುತ್ತದೆ, ನಿಜ. ಆದರೆ ಎರಡು ಪಾಲು ತೆಗೆದುಕೊಂಡರೆ ಕಲ್ಲಾಗುವುದು ಒಂದೇ ಪಾಲು. ಇನ್ನೊಂದು ಇಂಗಾಲದ ಡೈಆಕ್ಸೈಡ್ ಆಗಿ ನೀರಿಗೆ ಮರಳುತ್ತದೆ, ಅದರಲ್ಲಿ ಕೆಲವಷ್ಟು ಗಾಳಿಗೂ ಏರುತ್ತದೆ. ಹವಳದ ಮೈಯೊಳಗಿನ ಪಾಚಿ ಬಿಸಿಲಿನಲ್ಲಿ ಹೀರಿದ್ದು ಬಹುತೇಕ ಉಸಿರಿನಲ್ಲೇ ಹೊರಹೋಗುತ್ತದೆ. ಕಲ್ಲಿನಲ್ಲಿರುವ ಇಂಗಾಲ ಲಕ್ಷಾಂತರ ವರ್ಷ ಅಲ್ಲೇ ಉಳಿದೀತು; ಹಾಗಂತ ದಿಬ್ಬವನ್ನು ಕಾಡು ಎನ್ನಲು ಬರುವುದಿಲ್ಲ.

ಪ್ರಭುಲಿಂಗಪ್ಪನವರು ಕುರ್ಚಿ ತೋರಿಸಿ, ಚಹಾ ತರಿಸಿದರು.

“ನುಂಗತೈತಿ ಅಂತ ಹೇಳಿಬಿಡ್ರಿ ಮೇಡಂ. ಸಮುದ್ರ ಏನ್ ರಾಣೇಬೆನ್ನೂರಿಗೆ ಬಂದು ಕೇಳತೈತೇನು?”

“ನಿಮ್ಮ ಅಂಗಡ್ಯಾಗ ಚೀಲ ತುಂಬೋ ಮುಂದ ಘಾಟು ಏಳತೈತಲ್ರಿ ಸಾವಕಾರ್ರ? ಕಾಯಿ ಚೀಲದಾಗ ಉಳೀತೈತಿ, ಘಾಟು ಓಣಿಗೆ ಹೋಗತೈತಿ. ಹವಳದ್ದೂ ಅಷ್ಟರಿ.”

ಅವರು ನಕ್ಕರು. ಜೀವಮಾನವೆಲ್ಲ ಸೀನುತ್ತ ವ್ಯಾಪಾರ ಮಾಡಿದವರಿಗೆ ಅದು ತಟ್ಟನೆ ತಿಳಿಯಿತು.

“ತಿಳೀತು ಬಿಡ್ರಿ. ಆದ್ರ ಬೋರ್ಡಿನ ಮ್ಯಾಲೆ ಘಾಟು ಬರಸಾಕ ಬರಂಗಿಲ್ಲ. ಬರ್ದಿದ್ದಷ್ಟ ಹೇಳ್ರಿ. ಜೂನ್ ಏನು ದೂರಿಲ್ಲ.”

ಮನೆಯಲ್ಲಿ ಫಕ್ಕೀರವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡು, ಸುಳ್ಳು ಹೇಳಿದರೆ ಯಾರ ಜೀವ ಹೋಗುತ್ತದೆ ಎಂದು ಬೈದರಂತೆ. ಮಗಳು ಉಂಡೆದ್ದು ಉತ್ತರಪತ್ರಿಕೆ ತಿದ್ದಲು ಕುಳಿತಳಂತೆ. ಇದನ್ನು ಫಕ್ಕೀರವ್ವನೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಮಗೆ ಹೇಳಿದ್ದು, ಇನ್ನೂ ಸಿಟ್ಟಿನಿಂದಲೇ.

ತಂಡ ಬಂದ ದಿನ ಮೇಡಂ ತೊಟ್ಟಿಯ ಪಕ್ಕ ನಿಂತು, ಬೋರ್ಡಿಗೆ ಬೆನ್ನು ಮಾಡಿ, ಎರಡು ಪಾಲಿನ ಲೆಕ್ಕವನ್ನು ಇದ್ದ ಹಾಗೇ ಹೇಳಿದರು. ನಮ್ಮ ಹೊಗೆಯೇ ಸಮುದ್ರದಲ್ಲಿ ಕರಗಿ ನೀರು ಹುಳಿಯಾಗುವ ಕಡೆಗೆ ಸರಿಯುತ್ತಿದೆ, ಹವಳಕ್ಕೆ ಗೂಡು ಕಟ್ಟುವುದು ಕಷ್ಟವಾಗುತ್ತಿದೆ ಎಂಬುದನ್ನೂ ಸೇರಿಸಿದರು. ಪ್ರಾಚಾರ್ಯರು ನೆಲ ನೋಡುತ್ತಿದ್ದರು. ಪ್ರಭುಲಿಂಗಪ್ಪನವರು ಮೇಡಂ ಮುಖವನ್ನೇ ನೋಡುತ್ತಿದ್ದರು. ತಂಡದ ಹಿರಿಯರೊಬ್ಬರು, ಹಾಗಾದರೆ ಇದನ್ನು ಉಳಿಸಿ ನಮಗೇನು ಲಾಭ ಎಂದು ಕೇಳಿದರು.

“ಅಲೆ ತಡೀತೈತ್ರಿ ಸರ್, ಮೀನಕ್ಕ ಮನಿ ಆಗೈತಿ. ನಮ್ಮ ಹೊಗಿ ತೊಳಿಯೋ ಕೆಲಸಾನೂ ಅದಕ್ಕ ಯಾಕ ಹಚ್ಚಬೇಕ್ರಿ? ಆ ಕೆಲಸ ನಮ್ದು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯರು ತಲೆಯಾಡಿಸಿ ಮುಂದಕ್ಕೆ, ಗ್ರಂಥಾಲಯದ ಕಡೆಗೆ ನಡೆದರು.

ಜೂನ್ ಬಂತು. ಕರೆ ಬಾರದೇ ಇರಲಿಲ್ಲ. ಹಿಂದಿನ ವರ್ಷದ ಅರ್ಧದಷ್ಟು ಪಾಠದ ತಾಸು ಕೊಡುವುದಾಗಿಯೂ, ಅಂಗಳದಲ್ಲಿ ಹೇಳಿದ್ದು ತಪ್ಪಾಯಿತೆಂದು ಅಧ್ಯಕ್ಷರ ಎದುರು ಒಂದು ಮಾತು ಹೇಳಿದರೆ ಸಾಕೆಂದೂ ಪ್ರಾಚಾರ್ಯರು ಫೋನಿನಲ್ಲಿ ತಿಳಿಸಿದರು. ತಪ್ಪಾಗಿಲ್ಲ ಸರ್ ಎಂದು ಮೇಡಂ ಫೋನಿಟ್ಟರು. ಫಕ್ಕೀರವ್ವ ಎರಡು ದಿನ ಮಗಳನ್ನು ಬಿಟ್ಟು ತಾವೊಬ್ಬರೇ ಉಂಡರು.

ಮುಂದಿನ ವಾರ ಅವರು ಹಾವೇರಿಯ ಇನ್ನೊಂದು ಕಾಲೇಜಿಗೆ ಸಂದರ್ಶನಕ್ಕೆ ಹೋದರು. ಅಂಗಳದಲ್ಲಿ ನಡೆದದ್ದರ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮೇಜಿನ ಆಚೆ ಕುಳಿತವರು ಅರ್ಜಿಯ ಕಡೆ ನೋಡದೆ, ರಾಣೇಬೆನ್ನೂರಿನ ಕೆಲಸ ಯಾಕೆ ಹೋಯಿತು ಎಂದು ಕೇಳಿದರು.

ಮೇಡಂ ಎದ್ದು ಗೋಡೆಯ ಕರಿಹಲಗೆಯ ಹತ್ತಿರ ಹೋಗಿ, ಒಂದು ಚಾಕ್‌ಪೀಸ್ ಕೇಳಿದರು.