ಲೂಕ್ ಬಿಟ್ಟುಕೊಡದ ಮನೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮುಖದೆದುರೇ ನಕ್ಕುಬಿಡುತ್ತಿದ್ದವನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾನು ಹುಣಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಊರಿಗೆ ಸೈಬರ್ ಸೆಂಟರ್ ಬಂದ ಹೊಸತು. ಗುರುಪುರದ ಟಿಬೆಟನ್ ಕ್ಯಾಂಪಿಗೆ ಬಂದಿದ್ದ ಫ್ರಾನ್ಸಿನ ಹೆಂಗಸೊಬ್ಬಳು ನನ್ನ ಚಿತ್ರಗಳನ್ನು ಒಯ್ದು ತನ್ನ ತಮ್ಮ ಲೂಕನಿಗೆ ತೋರಿಸಿದಳು. ಅವನು ನಾಲ್ವರು ಗೆಳೆಯರ ಜೊತೆ ಸೇರಿ, ಬೇಕರಿಯ ಮೇಲಿನ ಒಂದು ಕೋಣೆಯಲ್ಲಿ ವಿಡಿಯೊ ಗೇಮ್ ಮಾಡುತ್ತಿದ್ದ. ಮೊದಲ ಆಟ ಚೆನ್ನಾಗಿ ಓಡಿ, ದೊಡ್ಡ ಆಫೀಸಾಯಿತು, ಹದಿನಾಲ್ಕು ಜನರಾದರು. ಎರಡನೆಯ ಆಟ ನಮ್ಮ ಕಡೆಯಂಥ ಹಳ್ಳಿಯಲ್ಲಿ ನಡೆಯುವಂಥದ್ದು. ಅದಕ್ಕೆ ಮನೆ, ಜಗಲಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳನ್ನು ನಾನು ಬರೆದು, ಸ್ಕ್ಯಾನ್ ಮಾಡಿಸಿ ಕಳಿಸುತ್ತಿದ್ದೆ.

ಒಮ್ಮೆ ಲೂಕ್ ಆಟದ ಸಿ.ಡಿ. ಕಳಿಸಿದ. ನಾನು ಬರೆದ ಬೀದಿಗಳಲ್ಲಿ ನಾನೇ ಓಡಾಡುವುದು ಒಂದು ಸುಖ. ಆದರೆ ಊರ ಕೊನೆಯಲ್ಲಿ ನಾನು ಬರೆಯದ ಮನೆಯೊಂದಿತ್ತು. ನೀಲಿ ಬಾಗಿಲು, ಎಡಕ್ಕೆ ಅಡುಗೆಮನೆ, ಹಿತ್ತಿಲಿಗೆ ಇಳಿಯಲು ನಾಲ್ಕು ಕಲ್ಲಿನ ಮೆಟ್ಟಿಲು. ಕೊನೆಯ ಮೆಟ್ಟಿಲಿನಲ್ಲಿ ಮಗುವಿನ ಪಾದದ ಕೆತ್ತನೆ. ಕೇಳಿದರೆ, "ನೀವೇ ಕಳಿಸಿದ್ದು ಅಂದುಕೊಂಡಿದ್ದೆ" ಎಂದು ಲೂಕ್ ಬರೆದ. ಅವರಲ್ಲಿ ಯಾರೂ ಅದನ್ನು ಬರೆದಿರಲಿಲ್ಲ.

ಆ ಮನೆಯೊಳಗೆ ಹೊಕ್ಕು ಕೊನೆಯ ಮೆಟ್ಟಿಲಿಗೆ ಕಾಲಿಟ್ಟಾಗಲೆಲ್ಲ ಆಟ ನಿಂತುಬಿಡುತ್ತಿತ್ತು. ಬಂಡವಾಳ ಹಾಕಿದ್ದ ಕಂಪನಿಯವರು ಅದನ್ನು ತೆಗೆದುಹಾಕಿ ಎಂದರು. ನಾನೂ ಲೂಕನಿಗೆ ಹಾಗೇ ಮೇಲ್ ಮಾಡಿದೆ. "ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ, ಕೆಡವಲು ಕೈ ಬರುವುದಿಲ್ಲ" ಎಂದ ಲೂಕ್. ಆಟ ತಡವಾಗುತ್ತಲೇ ಹೋಯಿತು. ಕಂಪನಿಯವರು ಹಿಂದೆ ಸರಿದರು, ಆಫೀಸಿಗೆ ಬೀಗ ಬಿತ್ತು. ಹದಿನಾಲ್ಕು ಜನರೂ ಬೀದಿಗೆ ಬಂದರು.

ಎರಡು ವರ್ಷದ ಮೇಲೆ ಮತದಾರರ ಪಟ್ಟಿ ಕೆಲಸಕ್ಕೆಂದು ಕಟ್ಟೆಮಳಲವಾಡಿ ಕಡೆಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ನೀಲಿ ಬಾಗಿಲೊಂದರ ಮುಂದೆ ನಿಂತುಬಿಟ್ಟೆ; ಆಟದಲ್ಲಿ ಕಂಡಿದ್ದ ಅದೇ ಬಾಗಿಲು. ಪುಟ್ಟತಾಯಮ್ಮ ಎಂಬ ಮುದುಕಿ ಒಳಗೆ ಕರೆದರು. ನೀರು ಕೇಳಿದೆ. ಅವರು ಏಳುವ ಮೊದಲೇ ನನ್ನ ಕಾಲುಗಳು ಎಡಕ್ಕೆ ತಿರುಗಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಿಗೆ ಹೋಗಿ ನಿಂತಿದ್ದವು. ಮೆಟ್ಟಿಲು ಮೂರೇ ಇದ್ದವು. ಜೀವಕ್ಕೆ ಸಮಾಧಾನವಾಯಿತು.

"ನಾಲ್ಕಿರಬೇಕಿತ್ತು" ಎಂದುಬಿಟ್ಟೆ, ನನಗೇ ತಿಳಿಯದೆ.

"ಇತ್ತು ಕಣ್ ಮೇಷ್ಟ್ರೆ" ಎಂದರು ಹಿಂದೆ ಬಂದಿದ್ದ ಪುಟ್ಟತಾಯಮ್ಮ. "ನಾನು ಮದ್ವೆಯಾಗಿ ಬಂದ್ ವರ್ಸ ಇತ್ಲಿಗೆ ಮಣ್ಣು ಒಡ್ಸುದ್ರು, ಮುಚ್ಚೋಯ್ತು. ಮೊಗಿನ್ ಪಾದ ಕೆತ್ತಿದ್ ಕಲ್ಲು." ಆಮೇಲೆ ನನ್ನ ಮುಖವನ್ನೇ ನೋಡಿದರು. "ನಿಮ್ಗ್ ಯಾರ್ ಏಳುದ್ರು? ಅದ್ನ ಕಂಡಿದ್ದೋರು ನಾನ್ ಬುಟ್ರೆ ಯಾರೂ ಉಳ್ದಿಲ್ಲ."

ಲೂಕನ ಅಕ್ಕ ಈ ಮನೆಯನ್ನು ನೋಡಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಮಣ್ಣಿನಡಿಯ ಕಲ್ಲನ್ನು ಆಕೆ ಹೇಗೆ ನೋಡಿಯಾಳು?

ಲೂಕ್ ಈಗ ಎಲ್ಲೋ ಗೋಡೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದಾನಂತೆ. ಅವನಿಗೆ ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ. ಆ ಮನೆ ನಿಜವಾಗಿಯೂ ಇದೆ ಎಂದು ತಿಳಿದರೆ ಅವನಿಗೆ ನೆಮ್ಮದಿಯಾಗುತ್ತದೋ, ಇರುವ ನಿದ್ದೆಯೂ ಹೋಗುತ್ತದೋ, ಗೊತ್ತಾಗುವುದಿಲ್ಲ. ಇವತ್ತಿಗೂ ಬರೆದಿಲ್ಲ.