ಮಡಿಕೆ ಬಿಡದ ಪ್ಯಾಂಟು

ಮೊನ್ನೆ ಪಕ್ಕದ ಮನೆಯವರು ಮಗಳ ಶಾಲೆಯ ಲಂಗ ಗಿಡ್ಡವಾಯಿತೆಂದು ತಂದುಕೊಟ್ಟರು. ನಾನು ಅಂಚು ಬಿಚ್ಚಿದೆ. ಮಡಿಕೆಯೊಳಗೆ ಬಟ್ಟೆಯ ಹೊಸ ಬಣ್ಣ, ಗಂಜಿಯ ವಾಸನೆ ಹಾಗೆಯೇ ಉಳಿದಿತ್ತು. ಬೆಳೆಯುವ ಮಕ್ಕಳ ಬಟ್ಟೆಗೆ ಮುಂದೆ ಉದ್ದ ಮಾಡಲಿಕ್ಕೆಂದು ನಾವು ದರ್ಜಿಗಳು ಹೀಗೆ ಮಡಿಕೆ ಬಿಡುತ್ತೇವೆ. ದೊಡ್ಡವರಿಗೆ ಬಿಡುವುದಿಲ್ಲ. ನಾನು ಒಬ್ಬರಿಗೆ ಮಾತ್ರ ಬಿಟ್ಟಿದ್ದೆ...

ಎಪ್ಪತ್ತರ ದಶಕದ ಕೊನೆ ಇರಬೇಕು. ಕಾಪು ಪೇಟೆಯಲ್ಲಿ ನನ್ನ ಅಂಗಡಿ. ಆ ಗಿರಾಕಿ ಕಡಲ ಬದಿಯ ಬ್ಯಾರಿ ಮುಸ್ಲಿಮರ ಮನೆಯವರು, ಇನ್ನೂ ಎಳೆಯ ಪ್ರಾಯ. ನನ್ನ ಬಾಗಿಲಲ್ಲಿ ಸೊಂಟದಿಂದ ಬಗ್ಗಿ ಒಳಗೆ ಬರುತ್ತಿದ್ದರು. ಭುಜದ ಅಳತೆಗೆ ನಾನು ಸ್ಟೂಲು ಹತ್ತಬೇಕಿತ್ತು. ಉಡುಪಿಯ ಒಂದು ಜವಳಿ ಅಂಗಡಿಯಲ್ಲಿ ಅವರಿಗೆ ಕೆಲಸ. ಬಾಗಿಲಲ್ಲಿ ನಿಲ್ಲುವುದು, ಬೇರೆ ಏನೂ ಇಲ್ಲ. ಅವರನ್ನು ನೋಡಲು ಬಂದವರು ಬಟ್ಟೆ ಕೊಂಡು ಹೋಗುತ್ತಿದ್ದರು.

"ಕಾರ್ಕಳದ ಗೊಮ್ಮಟನ ತಮ್ಮ ಬಂದ!" ಎಂದು ಬಸ್ಸಿನಲ್ಲಿ ಕೂಗುತ್ತಿದ್ದರು.

"ಅಣ್ಣ ಪುಣ್ಯವಂತ ಮಾರಾಯ, ಅವನಿಗೆ ಮೊಣಕಾಲು ನೋಯುವುದಿಲ್ಲ," ಎಂದು ಅವರು ನಗುತ್ತಿದ್ದರು.

ದೇಶದಲ್ಲಿ ಇವರಿಗಿಂತ ಎತ್ತರದವರು ಒಬ್ಬರೇ ಇರುವುದೆಂದು ಜವಳಿ ಅಂಗಡಿಯ ಧಣಿ ಎಲ್ಲಿಂದಲೋ ತಿಳಿದುಕೊಂಡರು. ಇನ್ನೆರಡು ಬೆರಳು ಬೆಳೆದರೆ ದಾಖಲೆ ಪುಸ್ತಕದಲ್ಲಿ ಹೆಸರು. ಅಂದಿನಿಂದ ಊರೇ ಕಾಯತೊಡಗಿತು. ಹಬ್ಬದ ಮುಂಚೆ ನಾನು ಅವರ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡುವಾಗ, ದಾರಿಯಲ್ಲಿ ಹೋಗುವವರು ಇಣುಕಿ "ಎಷ್ಟಾಯಿತು?" ಎಂದು ಕೇಳುತ್ತಿದ್ದರು, ಕ್ರಿಕೆಟಿನ ಸ್ಕೋರು ಕೇಳಿದ ಹಾಗೆ.

ಒಂದು ದಿನ ಪಕ್ಕದಿಂದ ಚಹಾ ನೀಡಿದೆ. ಅವರು ಕೈ ಚಾಚಲಿಲ್ಲ. ಲೋಟ ಅವರಿಗೆ ಕಂಡಿರಲೇ ಇಲ್ಲ. ಎದುರಿನದು ಮಾತ್ರ ಕಾಣುತ್ತಿತ್ತು. ಮಣಿಪಾಲದ ಡಾಕ್ಟರು ನೋಡಿ ಹೇಳಿದರಂತೆ: ಮಿದುಳಿನ ಬುಡದಲ್ಲಿ ಒಂದು ಗಂಟು ಉಂಟು, ಬೆಳೆಸುತ್ತಿರುವುದೂ ಅದೇ, ಕಣ್ಣನ್ನು ಒತ್ತುತ್ತಿರುವುದೂ ಅದೇ. ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರೆ ಎರಡೂ ನಿಲ್ಲಬಹುದು.

ಸುದ್ದಿ ಕೇಳಿ ಧಣಿ ನನ್ನ ಅಂಗಡಿಗೇ ಬಂದರು. ಇವರು ಅಳತೆ ಕೊಡುತ್ತಾ ನಿಂತಿದ್ದರು.

"ಅವಸರ ಎಂತ ನಿನಗೆ? ಎರಡೇ ಬೆರಳು! ಪುಸ್ತಕದವರು ಬಂದು ನೋಡಲಿ, ಮತ್ತೆ ಕರೆಂಟೋ ಗಿರೆಂಟೋ ಕೊಡಿಸಿಕೊ."

ಇವರು ನನ್ನನ್ನು ಕಾಣಲು ಇಡೀ ಕತ್ತು ತಿರುಗಿಸಿದರು.

"ಟೈಲರೇ, ಈ ಸಲ ಮಡಿಕೆ ಬಿಡಬೇಡಿ."

ಧಣಿಗೆ ಅರ್ಥವಾಯಿತು. ನಾಳೆಯಿಂದ ಅಂಗಡಿಗೆ ಬರುವುದು ಬೇಡ ಎಂದು ಹೇಳಿ ಹೊರಟುಹೋದರು.

ಇವರು ಮಣಿಪಾಲಕ್ಕೆ ವಾರಗಟ್ಟಲೆ ಹೋಗಿ ಕರೆಂಟು ಕೊಡಿಸಿಕೊಂಡು ಬಂದರು. ಕಿವಿಯ ಮೇಲಿನ ಕೂದಲು ಉದುರಿತು. ಮರುವರ್ಷ ಹಬ್ಬಕ್ಕೆ ಬಂದಾಗ ತಲೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ ಎಂದರು. ಅಳೆದೆ. ಪ್ಯಾಂಟಿನ ಅಳತೆಯನ್ನೂ ಹಳೆಯ ಚೀಟಿಯೊಂದಿಗೆ ಹೋಲಿಸಿ ನೋಡಿದೆ.

"ಹೋದ ಸಲದ್ದೇ," ಎಂದೆ.

ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೆಲ್ಲನೆ ಕುಳಿತರು. ಬಹಳ ಹೊತ್ತು ಏಳಲಿಲ್ಲ.

"ಕೂತುಕೊಳ್ಳುವುದು ಎಷ್ಟು ಸುಖ, ಅಲ್ವಾ?" ಎಂದರು. ಆಮೇಲೆ, "ಅಳತೆ ಯಾರಿಗೂ ಹೇಳಬೇಡಿ."

ಕಣ್ಣು ಇದ್ದಷ್ಟೇ ಉಳಿಯಿತು. ಹೃದಯ ಮಾತ್ರ ಅಷ್ಟು ದೊಡ್ಡ ದೇಹಕ್ಕೆ ದುಡಿದು ದಣಿದಿತ್ತೋ ಏನೋ... ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ನಾನು ಹೋದಾಗ ಅವರ ಉಮ್ಮ ಜಗಲಿಯಲ್ಲಿದ್ದರು.

"ಪೇಪರಿನವರು ಬಂದಿದ್ದರು. ಎಷ್ಟು ಉದ್ದ ಇದ್ದ ಎಂದು ಕೇಳಿದರು. ನನಗೆಂತ ಗೊತ್ತುಂಟು? ಹೆತ್ತಾಗ ಒಂದು ಮೊಳ ಇದ್ದ ಎಂದೆ."

ಆ ತಾಯಿಯೂ ಈಗ ಇಲ್ಲ. ಪೇಟೆಯ ಹೋಟೆಲಿನಲ್ಲಿ ಮಾತ್ರ ಆ ಮಗನ ಸುದ್ದಿ ಆಗಾಗ ಬರುತ್ತದೆ. ಎಂಟು ಅಡಿ ಎಂದು ಒಬ್ಬರು, ಅಲ್ಲ ಮಾರಾಯ, ಎಂಟೂವರೆ ಎಂದು ಇನ್ನೊಬ್ಬರು. ಅವರನ್ನು ಕಣ್ಣಿಂದ ನೋಡದ ಹುಡುಗರು ಒಂಬತ್ತು ಎನ್ನುತ್ತಾರೆ. ಬೆಳವಣಿಗೆ ನಿಲ್ಲಬೇಕೆಂದು ಅಷ್ಟು ಆಸೆಪಟ್ಟವರು ಈ ಜನರ ಬಾಯಲ್ಲಿ ಇನ್ನೂ ಬೆಳೆಯುತ್ತಲೇ ಇದ್ದಾರೆ. ನಿಜವಾದ ಅಳತೆ ಗೊತ್ತಿರುವವನು ನಾನೊಬ್ಬನೇ ಉಳಿದೆ. ಚಹಾ ಮುಗಿಸಿ ಎದ್ದು ಬರುತ್ತೇನೆ.